ಗಿರಣಿ ಕಲ್ಲಿನ ಮೇಲಿನ ಮಾನಿಟರ್

ನಮ್ಮ ಮನೆಯ ಮಾನಿಟರಿನ ಬೆನ್ನಿಗೆ, ಬಲಗಡೆಯ ಕೆಳಮೂಲೆಯಲ್ಲಿ, ಅವರೆಕಾಳಿನಷ್ಟು ದಪ್ಪದ ಒಂದು ಗುಂಡಿ ಇದೆ. ಎದುರಿಗೆ ಕುಳಿತವರಿಗೆ ಅದು ಕಾಣುವುದಿಲ್ಲ. ಕೈಯನ್ನು ಹಿಂದಕ್ಕೆ ಬಳಸಿ ಬೆರಳಿನಿಂದಲೇ ಹುಡುಕಬೇಕು, ಎಮ್ಮೆಯ ಕಿವಿಯ ಹಿಂದೆ ಉಣ್ಣಿ ಹುಡುಕಿದ ಹಾಗೆ. ಸಿಕ್ಕಿತು ಎಂದು ಒತ್ತಿದರೆ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಹಲಗೆ ತೆರೆದುಕೊಳ್ಳುತ್ತದೆ. ಬೆಳಕು, ಕಾಂಟ್ರಾಸ್ಟ್, ಬಣ್ಣ, ಭಾಷೆ ಎಂದು ಒಂದರ ಕೆಳಗೊಂದು ಸಾಲು. ಗುಂಡಿಯನ್ನು ಮೇಲೆ ತಳ್ಳಿದರೆ ಒಂದು, ಕೆಳಗೆ ತಳ್ಳಿದರೆ ಇನ್ನೊಂದು, ಬಾಜುವಿಗೆ ತಳ್ಳಿದರೆ ಮತ್ತೊಂದು. ನಾನು ಬೆಳಕಿನ ಕಡೆ ಹೊರಟರೆ ಬಣ್ಣಕ್ಕೆ ಹೋಗಿ ಮುಟ್ಟುತ್ತೇನೆ, ಬಣ್ಣದ ಕಡೆ ಹೊರಟರೆ ಭಾಷೆಗೆ.

ಆ ಹಲಗೆಯ ಮೇಲೆ ಮೂರು ಅಂಕಿಗಳಿವೆ. ಬೆಳಕು ನಲವತ್ತು. ಕಾಂಟ್ರಾಸ್ಟ್ ಅರವತ್ತೈದು. ಕಣ್ಣಿಗೆ ಚುಚ್ಚುವ ನೀಲಿಯನ್ನು ತಗ್ಗಿಸುವ ಜಾಗದಲ್ಲಿ ಮೂರು. ಇವು ನನ್ನ ಹೆಂಡತಿ ಕಸ್ತೂರಿಯವು. ಹೋದ ಶ್ರಾವಣದಲ್ಲಿ ನಾಲ್ಕು ದಿನದ ಜ್ವರದಲ್ಲಿ ಆಕೆ ತೀರಿಕೊಂಡಳು. ಸೀರೆಗಳನ್ನು ಆಕೆಯ ಅಕ್ಕತಂಗಿಯರು ಹಂಚಿಕೊಂಡರು. ಬಳೆ, ಬೋರಮಾಳ ಮಗಳಿಗೆ ಹೋದವು. ಈ ಮೂರು ಅಂಕಿಗಳನ್ನು ಮಾತ್ರ ಯಾರೂ ಕೇಳಲಿಲ್ಲ. ಅವು ನನ್ನ ಪಾಲಿಗೆ ಉಳಿದವು.

ಅವುಗಳ ಜೊತೆಗೆ ನಲವತ್ತೊಂದು ಪುಟ ಉಳಿದವು. ಕಸ್ತೂರಿ ತನ್ನ ತವರಾದ ತಂಬೂರಿನಲ್ಲಿ ಮುದುಕಿಯರ ಬಾಯಿಂದ ಕೇಳಿ ಪಟ್ಟಿಯಲ್ಲಿ, ಎಂದರೆ ನೋಟುಬುಕ್ಕಿನಲ್ಲಿ, ಬರೆದುಕೊಂಡು, ಆಮೇಲೆ ಕಂಪ್ಯೂಟರಿನಲ್ಲಿ ಟೈಪು ಮಾಡಿದ ಬೀಸುವ ಪದಗಳು, ಬೀಸುಕಲ್ಲಿನ ಮುಂದೆ ಹಾಡುವಂಥವು. ವರ್ಷದ ಪುಣ್ಯಸ್ಮರಣೆಯ ದಿನ ಬಂದವರ ಕೈಗೆ ಒಂದೊಂದು ಪುಸ್ತಕ ಕೊಡಬೇಕೆಂದು ನನ್ನ ಆಸೆ. ಅಚ್ಚು ಹಾಕಲು ಗೆಳೆಯ ಈರಣ್ಣ ಒಪ್ಪಿದ್ದ. ಅದಕ್ಕೂ ಮೊದಲು ಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು, ಪರದೆಯನ್ನು ನೋಡುತ್ತ, ತಪ್ಪು ತಿದ್ದುವವರು ಬೇಕಲ್ಲ. ಆಕೆಯ ಅಕ್ಷರ ಓದಲು ಬರುವವನು ನಾನೊಬ್ಬನೇ. ಆದರೆ ಮಾನಿಟರು ದಿನದಿಂದ ದಿನಕ್ಕೆ ಕಪ್ಪಾಗುತ್ತ ಬಂದು, ಕಡೆಗೆ ಒಂದು ಸಾಲೂ ಕಾಣದ ಹಾಗಾಯಿತು. ಬೆಳಕು ಹೆಚ್ಚಿಸಿದರೆ ಕಾಣುತ್ತದೆ. ಹೆಚ್ಚಿಸಿದರೆ ಆಕೆಯ ನಲವತ್ತು ಹೋಗುತ್ತದೆ. ಇಷ್ಟೇ ನನ್ನ ಸಂಕಟ. ಕೇಳಿದವರು ನಗುತ್ತಾರೆಂದು ಊರಲ್ಲಿ ಯಾರ ಮುಂದೆಯೂ ಹೇಳಿರಲಿಲ್ಲ. ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಮಾನಿಟರ್ ಎಂಬ ಶಬ್ದ ನನ್ನ ಕಿವಿಗೆ ಮೊದಲು ಬಿದ್ದದ್ದು ಅಣ್ಣಿಗೇರಿಯ ಸಾಲೆಯಲ್ಲಿ, ನಾಲ್ಕನೇ ಇಯತ್ತೆಯಲ್ಲಿ. ಆಗ ನಮ್ಮ ಮಾನಿಟರ್ ಎಂದರೆ ಇದೇ ಈರಣ್ಣ. ಮಾಸ್ತರರು ಚಹಾ ಕುಡಿಯಲು ಹೋದಾಗ ಕೈಯಲ್ಲಿ ಬರೆಯುವ ಖಡು ಹಿಡಿದು ಕರಿಹಲಗೆಯ ಮುಂದೆ ನಿಲ್ಲುತ್ತಿದ್ದ. ಮಾತಾಡಿದವರ ಹೆಸರು ಬರೆಯುವುದು ಅವನ ಕೆಲಸ. ನಾನು ಮಾತೇ ಆಡದ ಹುಡುಗ. ಆದರೂ ಹಲಗೆಯ ಮೇಲೆ ನನ್ನ ಹೆಸರು ತಪ್ಪುತ್ತಿರಲಿಲ್ಲ.

"ನಾ ಎಲ್ಲಿ ಮಾತಾಡೇನಿ?" ಎಂದು ಒಮ್ಮೆ ಕೇಳಿದೆ.

"ಮನಸಿನ್ಯಾಗ ಮಾತಾಡಾಕತ್ತಿದ್ದಿ. ನನಗ ಕಂಡೈತಿ," ಎಂದ.

ಶನಿವಾರ ಹಲಗೆಗೆ ಇದ್ದಿಲ ಪುಡಿ ಬಳಿಯುವುದೂ ಮಾನಿಟರನ ಪಾಲಿನ ಕೆಲಸವೇ. ಯಾವುದೋ ಸೊಪ್ಪು ಅರೆದು, ರಸದಲ್ಲಿ ಇದ್ದಿಲು ಕಲಸಿ, ಅರಿವೆಯ ಉಂಡೆಯಿಂದ ಬಳಿಯುತ್ತಿದ್ದ. ಬಕೆಟ್ಟು ಹಿಡಿಯುವವನು ನಾನು. ಸೋಮವಾರ ಮಾಸ್ತರರು ಬರೆದ ಅಕ್ಷರ ಜೋಳದ ಅರಳಿನ ಹಾಗೆ ಎದ್ದು ಕಾಣುತ್ತಿತ್ತು. ಅದಕ್ಕೇ ಕಾಂಟ್ರಾಸ್ಟ್ ಎನ್ನುತ್ತಾರೆಂದು ತಿಳಿಯಲು ನನಗೆ ಮುಂದೆ ನಲವತ್ತು ವರ್ಷ ಬೇಕಾಯಿತು.

ಬೆಳಕು ಹೆಚ್ಚು ಕಡಿಮೆ ಮಾಡುವುದು ಮಾತ್ರ ಅದಕ್ಕೂ ಮೊದಲೇ ಗೊತ್ತಿತ್ತು. ನಮ್ಮ ಮನೆಯಲ್ಲಿ ಎರಡು ಕಂದೀಲು ಇದ್ದವು. ಸಂಜೆಯಾಗುತ್ತಲೇ ಅವುಗಳ ಗ್ಲಾಸು ಬಿಚ್ಚಿ, ಒಲೆಯ ಬೂದಿ ಹಚ್ಚಿ ಒರೆಸಬೇಕು. ದೊಡ್ಡವರ ಕೈ ಒಳಗೆ ಹೋಗುವುದಿಲ್ಲ, ನನ್ನ ಕೈ ಹೋಗುತ್ತದೆ ಎಂದು ಆ ಕೆಲಸ ನನಗೆ ಬಂದಿತ್ತು. ಕೈ ದೊಡ್ಡದಾದರೆ ಕೆಲಸ ಹೋದೀತೆಂದು ಎಷ್ಟೋ ದಿನ ನಾನು ಉಂಡ ಕೈಯನ್ನು ನೋಡಿಕೊಳ್ಳುತ್ತಿದ್ದೆ. ಕಂದೀಲಿನ ಬಾಜುವಿಗೆ ಒಂದು ಸಣ್ಣ ಗಾಲಿ. ಅದನ್ನು ತಿರುಗಿಸಿದರೆ ಬತ್ತಿ ಏರುತ್ತಿತ್ತು, ಇಳಿಯುತ್ತಿತ್ತು. ನಾನು ಪಾಠ ಓದಲು ಏರಿಸುವುದು, ಅವ್ವ ಇಳಿಸುವುದು.

"ಬತ್ತಿ ಸಣ್ಣ ಮಾಡಲೇ, ಗ್ಲಾಸು ಕಪ್ಪ ಹಿಡೀತೈತಿ," ಎನ್ನುತ್ತಿದ್ದಳು ಅವ್ವ.

ಸಣ್ಣ ಮಾಡಿದರೆ ಪುಸ್ತಕದ ಅಕ್ಷರಗಳು ಇರುವೆಗಳ ಹಾಗೆ ನಡೆದಾಡುತ್ತಿದ್ದವು. ನಾನು ಅವುಗಳ ಬೆನ್ನು ಹತ್ತಿ ಹಾಗೆಯೇ ನಿದ್ದೆಗೆ ಹೋಗುತ್ತಿದ್ದೆ. ಎಸ್ಸೆಸ್ಸೆಲ್ಸಿಗಿಂತ ಮುಂದೆ ನಾನು ಓದದೆ ಇದ್ದುದಕ್ಕೆ ಆ ಗಾಲಿಯ ಮೇಲೆ ತಪ್ಪು ಹೊರಿಸಿ ಎಷ್ಟೋ ಸಲ ಸಮಾಧಾನ ಪಟ್ಟುಕೊಂಡಿದ್ದೇನೆ.

ಓದು ನಿಲ್ಲಿಸಿ ಅಪ್ಪನ ಹಿಟ್ಟಿನ ಗಿರಣಿಗೆ ಬಂದೆ. ಗಿರಣಿ ನಮ್ಮ ಮನೆಗೆ ಹೊಂದಿಯೇ ಇದೆ, ನಡುವೆ ಒಂದೇ ಗೋಡೆ. ಎರಡು ಕಲ್ಲುಗಳ ನಡುವಿನ ಸಂದನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಿ, ಬೀಳುವ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡುವುದು ನನ್ನ ವಿದ್ಯೆ. ರೊಟ್ಟಿಗೆ ಬೇರೆ, ಕಡಬಿಗೆ ಬೇರೆ, ಕಡಲೆ ಹಿಟ್ಟಿಗೆ ಬೇರೆ. ಬೆರಳು ಹೇಳುತ್ತದೆ, ನಾನು ತಿರುಗಿಸುತ್ತೇನೆ.

ಕಸ್ತೂರಿ ಮದುವೆಯಾಗಿ ಬಂದಾಗ ಪಿಯುಸಿ ಪಾಸಾಗಿದ್ದಳು. ಆ ವಿಷಯವನ್ನು ಆಕೆ ಒಂದು ದಿನವೂ ನನ್ನ ಮುಂದೆ ಎತ್ತಿ ಆಡಲಿಲ್ಲ. ನಾನೇ ಆಗಾಗ ನೆನಪು ಮಾಡಿಕೊಳ್ಳುತ್ತಿದ್ದೆ. ಮಗಳು ಸುಮಾ ಸಾಲೆಗೆ ಹೋಗಲು ಶುರು ಮಾಡಿದ ಮೇಲೆ ಟೈಪಿಂಗ್ ಕಲಿತಳು. ಮುಂದೆ ಕಂಪ್ಯೂಟರು ಬಂತು. ಈರಣ್ಣ ಊರಲ್ಲಿ ಪ್ರೆಸ್ಸು ಹಾಕಿದ್ದ. ಲಗ್ನಪತ್ರಿಕೆ, ಕರಪತ್ರ, ಸಂಘದ ವರದಿ ಏನೇ ಬಂದರೂ ಟೈಪು ಮಾಡಲು ಕಸ್ತೂರಿಗೆ ಕಳಿಸುತ್ತಿದ್ದ. ಹಳೆಯ ಮಾನಿಟರು ಕೆಟ್ಟಾಗ ಆಕೆ ತನ್ನ ದುಡಿಮೆಯಲ್ಲೇ ಹೊಸದು ತರೋಣ ಎಂದಳು. ಹುಬ್ಬಳ್ಳಿಗೆ ಗಾಡಿಯ ಮೇಲೆ ಹೋದೆವು. ಬರುವಾಗ ಆ ದೊಡ್ಡ ಡಬ್ಬಿಗೆ ಕೌದಿ ಸುತ್ತಿ, ಆಕೆ ಹಿಂದೆ ಕುಳಿತು ತಬ್ಬಿಕೊಂಡಿದ್ದಳು. ರಸ್ತೆಯಲ್ಲಿ ಎದುರಾದವರೆಲ್ಲ ಬಾಣಂತಿಯನ್ನು ಕರೆದುಕೊಂಡು ಬರುತ್ತಿದ್ದೇನೆಂದು ತಿಳಿದು ನಮಗೆ ದಾರಿ ಬಿಟ್ಟರು.

ಮನೆಗೆ ಬಂದ ಮೇಲೆ ತಿಳಿದದ್ದೇನೆಂದರೆ, ಮಾನಿಟರನ್ನು ತಂದು ಇಟ್ಟರೆ ಆಗಲಿಲ್ಲ, ಕೂರಿಸಬೇಕು. ಕಸ್ತೂರಿಗೆ ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡಿ ರೂಢಿಯಿಲ್ಲ. ರೊಟ್ಟಿ ಬಡಿಯುವ ಹಾಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೇ ಟೈಪು ಮಾಡುವವಳು. ಮೊದಲು ಒಂದು ಮಣೆಯ ಮೇಲೆ ಮಾನಿಟರು ಇಟ್ಟೆವು. ಬಾಜುವಿನಲ್ಲಿ ಗಿರಣಿ ಶುರುವಾಗುತ್ತಲೇ ಮಣೆ ನಡುಗಿತು, ಮಣೆಯ ಜೊತೆ ಮಾನಿಟರು, ಮಾನಿಟರಿನ ಜೊತೆ ಅಕ್ಷರ.

"ನಿಮ್ಮ ಗಿರಣಿಗಿ ಅಂಜಿ ನಡಗಾಕತ್ತೈತಿ ನೋಡ್ರಿ ಇದು," ಎಂದಳು ಕಸ್ತೂರಿ.

"ಒಂದು ಚೀಲ ಹಾಸೂಣೇನು ಕೆಳಗ?"

"ಚೀಲ ಹಾಸಿದ್ರ ಜೋಲಿ ಹೊಡೀತೈತಿ. ಜಗ್ಗ್ಲಾರದ್ದು ಏನರ ತರ್ರಿ."

ಗಿರಣಿಯ ಹಿಂದೆ ಸವೆದ ಒಂದು ಬೀಸುವ ಕಲ್ಲು ಬಿದ್ದಿತ್ತು. ನಾನೂ ಕಾಳು ತಂದವರೊಬ್ಬರೂ ಸೇರಿ ಅದನ್ನು ಉರುಳಿಸಿಕೊಂಡು ಒಳಗೆ ತಂದೆವು. ತೊಳೆದು, ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಕಲ್ಲು, ಕಲ್ಲಿನ ಮೇಲೆ ಮಾನಿಟರು. ಆವತ್ತಿನಿಂದ ಒಂದು ಅಕ್ಷರವೂ ಅಲುಗಲಿಲ್ಲ. ಮಾನಿಟರಿನ ಕಾಲು ಜಗ್ಗಿ ಎತ್ತರ, ಬೆನ್ನು ಬಾಗಿಸಿ ಓರೆ, ಎಲ್ಲವನ್ನೂ ಆಕೆ ತನ್ನ ಕಣ್ಣಿನ ನೇರಕ್ಕೆ ಹೊಂದಿಸಿಕೊಂಡಳು. ಬೆಳಕಿನದು ಮಾತ್ರ ಎಂಟು ದಿನ ಹಿಡಿಯಿತು. ನಾನು ಊಟಕ್ಕೆ ಬಂದಾಗಲೆಲ್ಲ ನಿಲ್ಲಿಸಿ ಕೇಳುತ್ತಿದ್ದಳು.

"ಈಗ ಹೆಂಗ ಕಾಣ್ತೈತ್ರಿ?"

"ಚಲೋ ಕಾಣ್ತೈತಿ."

"ಈಗ?"

"ಚಲೋ ಐತಿ."

"ಆಗಲೂ ಚಲೋ ಅಂದ್ರಿ, ಈಗಲೂ ಚಲೋ ಅಂತೀರಿ. ಹಿಟ್ಟಿಗಾದ್ರ ಹತ್ತು ನಮೂನಿ ಹೆಸರು ಹೇಳ್ತೀರಿ. ಹೋಗ್ರಿ, ರೊಟ್ಟಿ ಆರತಾವು."

ಆಗ ಇನ್ನೊಂದು ಸ್ವಲ್ಪ ಗಮನ ಕೊಟ್ಟು ನೋಡಬಹುದಿತ್ತು. ಹಸಿವಾಗಿತ್ತು, ನೋಡಲಿಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಮನೆಗೆ ಬಂದರೆ ಮಾನಿಟರು ಅಡ್ಡಗಿರುವುದನ್ನು ಬಿಟ್ಟು ಉದ್ದಗೆ ನಿಂತಿತ್ತು, ಬಾಗಿಲ ಚೌಕಟ್ಟಿನ ಹಾಗೆ.

"ಬಿತ್ತೇನ ಇದು?"

"ಬಿದ್ದಿಲ್ರಿ. ಎದ್ದು ನಿಂತೈತಿ."

ಹಾಗೆ ತಿರುಗಿಸಲು ಬರುತ್ತದಂತೆ. ಪುಸ್ತಕದ ಪುಟ ಮೇಲಿನಿಂದ ಕೆಳಗಿನವರೆಗೂ ಒಮ್ಮೆಲೇ ಕಾಣಲಿ ಎಂದು ಆಕೆ ತಿರುಗಿಸಿದ್ದಳು. ಅದರಲ್ಲಿ ಬೀಸುವ ಪದಗಳು ಸೊಗಸಾಗಿ ಕಾಣುತ್ತಿದ್ದವು. ಸಣ್ಣ ಸಣ್ಣ ಸಾಲುಗಳು ಒಂದರ ಕೆಳಗೊಂದು, ಬಾವಿಗೆ ಇಳಿಯುವ ಮೆಟ್ಟಿಲಿನ ಹಾಗೆ. ನೆಲದ ಮೇಲೆ ಕುಳಿತ ಕಸ್ತೂರಿ, ಕಲ್ಲಿನ ಮೇಲೆ ನಿಂತ ಮಾನಿಟರು. ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದು, ಗಿರಣಿಯ ಹಿಟ್ಟಿನ ಧೂಳು ಅದರಲ್ಲಿ ತೇಲುತ್ತಿತ್ತು. ನಾನು ಬಾಗಿಲಲ್ಲಿ ನಿಂತರೆ ಆಕೆ ತಿರುಗಿಯೂ ನೋಡದೆ, "ಹಿಟ್ಟಿನ ಕೈಲೆ ಮುಟ್ಟಬ್ಯಾಡ್ರಿ," ಎನ್ನುತ್ತಿದ್ದಳು. ಹೇಗೆ ಗೊತ್ತಾಗುತ್ತಿತ್ತೋ. ಬಹುಶಃ ಪರದೆಯಲ್ಲಿ ನನ್ನ ನೆರಳು ಕಾಣುತ್ತಿತ್ತು.

ಒಂದು ಸಲ ಮುಟ್ಟಿದ್ದೆ. ಆಕೆ ತಂಬೂರಿಗೆ ಹೋದಾಗ ಆ ಅವರೆಕಾಳಿನ ಗುಂಡಿಯ ಮೇಲೆ ಕುತೂಹಲ ಹುಟ್ಟಿ, ಒತ್ತಿ, ತಳ್ಳಿ, ಕಡೆಗೆ ಹಲಗೆಯ ಅಕ್ಷರಗಳೆಲ್ಲ ಚೀನಿಯರದೋ ಜಪಾನಿಯರದೋ ಆಗಿಬಿಟ್ಟವು. ಪ್ರತಿಯೊಂದೂ ಒಂದೊಂದು ಸಣ್ಣ ಗುಡಿಸಲಿನ ಹಾಗೆ. ಅಷ್ಟು ಗುಡಿಸಲುಗಳ ನಡುವೆ ನನ್ನ ಮನೆ ಯಾವುದು ಎಂದು ತಿಳಿಯದೆ ಎರಡು ದಿನ ಪರದೆಗೆ ಅರಿವೆ ಮುಚ್ಚಿಟ್ಟೆ. ಕಸ್ತೂರಿ ಬಂದವಳು ಅರಿವೆ ತೆಗೆದು, ಬೆರಳನ್ನು ಹಿಂದಕ್ಕೆ ಕಳಿಸಿ, ಮೂರು ಸಲ ಕೆಳಗೆ, ಒಮ್ಮೆ ಬಲಕ್ಕೆ, ಮತ್ತೆ ಎರಡು ಸಲ ಮೇಲೆ ತಳ್ಳಿದಳು. ಗುಡಿಸಲೆಲ್ಲ ಹೋಗಿ ಇಂಗ್ಲಿಷು ಬಂತು. ಓದಿ ಮಾಡಿದ್ದಲ್ಲ. ಕತ್ತಲೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೈಗೆ ಗೊತ್ತಿರುವ ಹಾಗೆ.

"ನೀವು ಗಿರಣಿ ನೋಡ್ಕೋರಿ, ಇದನ್ನ ನನಗ ಬಿಡ್ರಿ," ಎಂದಳು. ಅರ್ಧ ಗದರಿಕೆ, ಅರ್ಧ ನಗು.

ಗಿರಣಿಯ ಮೇಲೆ ಆಕೆಗೆ ಒಂದು ತಕರಾರು ಇತ್ತು. ತಂಬೂರಿನಲ್ಲಿ ಆಕೆ ಸಣ್ಣವಳಿದ್ದಾಗ ನಸುಕಿನಲ್ಲಿ ಅವ್ವ ಬೀಸುಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದಳಂತೆ. ಎದುರಿಗೆ ಕುಳಿತ ನೆರೆಮನೆಯ ಹೆಂಗಸು ಗೂಟದ ಮೇಲೆ ಕೈ ಕೂಡಿಸಿ ಸಾಲನ್ನು ಎತ್ತಿಕೊಳ್ಳುತ್ತಿದ್ದಳಂತೆ. ಕಸ್ತೂರಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಅರೆನಿದ್ದೆಯಲ್ಲಿ ಕೇಳುವುದು. ಊರಿಗೆ ಗಿರಣಿ ಬಂತು, ಕಲ್ಲು ಮೂಲೆ ಸೇರಿತು, ಹಾಡು ನಿಂತಿತು.

"ನಮ್ಮವ್ವನ ಹಾಡು ಬಂದ್ ಮಾಡಿಸಿದವ್ರು ನೀವ ನೋಡ್ರಿ," ಎಂದು ನನ್ನನ್ನು ಚುಚ್ಚುತ್ತಿದ್ದಳು.

"ತಂಬೂರಾಗ ನನ್ನ ಗಿರಣಿ ಎಲ್ಲೈತಿ?"

"ಯಾವ ಗಿರಣಿ ಆದ್ರೂ ಅಷ್ಟ. ಎಲ್ಲಾ ಗಿರಣ್ಯವರೂ ಅಣ್ಣತಮ್ಮಂದಿರು."

ಅದಕ್ಕೇ ಇರಬೇಕು, ವರ್ಷಕ್ಕೆ ನಾಲ್ಕೈದು ಸಲ ಹೋಗಿ ಉಳಿದಿರುವ ಮುದುಕಿಯರನ್ನು ಹುಡುಕಿ ಕೂರಿಸಿಕೊಂಡು ಬರೆದುಕೊಂಡು ಬರುತ್ತಿದ್ದಳು. ಸುಮ್ಮನೆ ಹಾಡು ಎಂದರೆ ಅವರಿಗೆ ನೆನಪಾಗುವುದಿಲ್ಲ. ಮುಂದೆ ಖಾಲಿ ಬೀಸುಕಲ್ಲು ಇಟ್ಟು ಕೈಯನ್ನು ಗೂಟದ ಮೇಲೆ ಇಡಿಸಿದರೆ, ತಿರುವು ಬಂದ ಹಾಗೆ ಸಾಲು ಬರುತ್ತದೆ. ಇದನ್ನು ಹೇಳುವಾಗ ಕಸ್ತೂರಿ ತನಗೆ ಅರಿವಿಲ್ಲದೆ ಗಾಳಿಯಲ್ಲಿ ಕೈ ತಿರುಗಿಸುತ್ತಿದ್ದಳು.

ಆಕೆ ಹೋದ ಮೇಲೆ ಬಂದ ಬಳಗದವರು ಮಾನಿಟರಿಗೆ ಬಿಳಿ ಅರಿವೆ ಹೊದಿಸಿದ್ದರು. ಬಂದವರೆಲ್ಲ ಹೋದ ಮೇಲೆ ನಾನು ತೆಗೆದೆ. ಮುಂದಿನ ಸ್ವಿಚ್ಚು ಹಾಕಿದೆ. ಕಪ್ಪು ಪರದೆಯ ಮೇಲೆ ಒಂದು ಸಣ್ಣ ಚೌಕ ಮೂಡಿತು. ಸಿಗ್ನಲ್ ಇಲ್ಲ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಅದು ಒಂದು ಕಡೆ ನಿಲ್ಲಲಿಲ್ಲ. ಮೂಲೆಯಿಂದ ಮೂಲೆಗೆ ನಿಧಾನವಾಗಿ ತೇಲುತ್ತ ಹೋಯಿತು. ಅಂಚಿಗೆ ತಾಗಿ ತಿರುಗಿತು, ಮತ್ತೆ ಹೊರಟಿತು. ಮನೆಯೊಳಗೆ ಯಾರನ್ನೋ ಹುಡುಕುತ್ತಿರುವ ಹಾಗೆ. ನಾನು ಕಲ್ಲಿನ ಎದುರಿಗೆ ಕುಳಿತು ಅದರ ಜೊತೆ ಕಣ್ಣು ಆಡಿಸುತ್ತ ಎಷ್ಟು ಹೊತ್ತು ಇದ್ದೆನೋ. ಅದೇ ದಣಿದು ಆರಿತು. ಅಳ್ನಾವರಕ್ಕೆ ಕೊಟ್ಟ ಸುಮಾ ಆಮೇಲೆ ಫೋನಿನಲ್ಲಿ, "ಅಪ್ಪಾ, ಬರೇ ಮಾನಿಟರ್ ಹಚ್ಚಿದ್ರ ಏನೂ ಬರಂಗಿಲ್ಲ. ಬಾಜೂಕ ಡಬ್ಬಿ ಐತೆಲ್ಲ, ಅದನ್ನ ಚಾಲೂ ಮಾಡಬೇಕು," ಎಂದು ಹೇಳಿಕೊಟ್ಟಳು. ನಾನು ಅಷ್ಟು ದಿನ ಮಾನಿಟರನ್ನೇ ಕಂಪ್ಯೂಟರು ಎಂದು ತಿಳಿದಿದ್ದೆ.

ಡಬ್ಬಿ ಚಾಲೂ ಆದಾಗ ಆಕೆಯ ಪುಟಗಳು ಬಂದವು. ಆಗ ಕಣ್ಣಿಗೆ ಚೆನ್ನಾಗಿಯೇ ಕಂಡವು. ಓದಲು ಧೈರ್ಯ ಸಾಲಲಿಲ್ಲ. ನೋಡಿ ಆರಿಸುವುದು, ಮರುದಿನ ಮತ್ತೆ ನೋಡಿ ಆರಿಸುವುದು, ಹೀಗೇ ತಿಂಗಳುಗಳು ಹೋದವು.

ಗಿರಣಿ ಶುರು ಮಾಡುವ ಮೊದಲು ಮೋಟರಿಗೆ, ಕಾಳು ಸುರಿಯುವ ಡಬ್ಬಕ್ಕೆ ವಿಭೂತಿ ಹಚ್ಚುವುದು ನಮ್ಮಪ್ಪನ ಕಾಲದಿಂದ ಬಂದದ್ದು. ದುಡಿಯುವ ಯಂತ್ರದ ಹಣೆ ಖಾಲಿ ಇರಬಾರದು ಎನ್ನುತ್ತಿದ್ದ. ಕಸ್ತೂರಿ ಇದ್ದಾಗ ಮಾನಿಟರಿಗೆ ಆಯುಧಪೂಜೆಯಲ್ಲಿ ಮಾತ್ರ ಮೂಲೆಯಲ್ಲೊಂದು ಕುಂಕುಮದ ಚುಕ್ಕೆ. ಈಗ ಅದರ ಯೋಗಕ್ಷೇಮ ನನ್ನ ಮೇಲೆ ಬಿತ್ತಲ್ಲ. ಪ್ರತಿ ಸೋಮವಾರ ಸ್ನಾನ ಮಾಡಿ ಬಂದು, ಪರದೆಯ ಕೆಳಗಿನ ಕಪ್ಪು ಪಟ್ಟಿಯ ಮೇಲೆ, ಸರಿಯಾಗಿ ನಡುವೆ, ಮೂರು ಬೆರಳು ವಿಭೂತಿ ಎಳೆಯುತ್ತ ಬಂದೆ. ಹಳೆಯದನ್ನು ಒರೆಸುವುದು ಸರಿಕಾಣಲಿಲ್ಲ. ಅದರ ಮೇಲೇ ಹೊಸದು.

ಅದೇ ದಿನಗಳಲ್ಲಿ ಪರದೆ ಕಪ್ಪಾಗತೊಡಗಿತು. ಮೊದಲು ಮೋಡ ಕವಿದ ಹಾಗೆ, ಆಮೇಲೆ ಕಂದೀಲಿನ ಬತ್ತಿ ಇಳಿಸಿದ ಹಾಗೆ. ಹಲಗೆ ತೆರೆದು ನೋಡಿದರೆ ಬೆಳಕು ನಲವತ್ತೇ ಇತ್ತು. ಅಂಕಿ ಇದೆ, ಬೆಳಕಿಲ್ಲ. ಮುದುಕರ ಕಣ್ಣಿನ ಹಾಗೆ ಅದಕ್ಕೂ ಪೊರೆ ಬಂತು ಎಂದುಕೊಂಡೆ. ಒಂದು ದಿನ ಮನಸ್ಸು ಗಟ್ಟಿ ಮಾಡಿ ನಲವತ್ತನ್ನು ಮೇಲೆ ತಳ್ಳಲು ಹೋದೆ. ಅದು ಅಲುಗಲಿಲ್ಲ. ಉಳಿದೆಲ್ಲ ಸಾಲು ಬೆಳ್ಳಗಿದ್ದರೆ ಆ ಸಾಲು ಮಾತ್ರ ಬೂದು ಬಣ್ಣಕ್ಕೆ ತಿರುಗಿ ಕುಳಿತಿತ್ತು. ಕಸ್ತೂರಿ ಕೀಲಿ ಹಾಕಿ ಹೋಗಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ನಿಜ ಹೇಳಬೇಕೆಂದರೆ, ಸಂತೋಷವೂ ಆಯಿತು. ಹಿಟ್ಟಿನ ಕೈಯವನು ಮುಟ್ಟಬಾರದು ಎಂದೇ ಹಾಕಿರಬೇಕು.

ಹೆಸರು ಬಿತ್ತನೆ ಮುಗಿದು, ಮುಂಗಾರಿನ ಮೋಡ ಓಡಾಡುತ್ತಿದ್ದ ಒಂದು ಮಧ್ಯಾಹ್ನ ಈರಣ್ಣ ಬಂದ. ಪುಣ್ಯಸ್ಮರಣೆಗೆ ಒಂದೂವರೆ ತಿಂಗಳು ಉಳಿದಿತ್ತು.

"ಎಷ್ಟ ಪುಟ ತಿದ್ದೀಲೇ ಶೇಖ್ಯಾ?"

"ಶುರು ಮಾಡಬೇಕು."

"ಶುರು ಮಾಡಬೇಕಾ! ಕಾಗದ ತಂದು ಇಟ್ಟೇನಿ, ಹೊಲಿಯಾವರಿಗೆ ಹೇಳೇನಿ. ಆಕಿ ಇದ್ದಿದ್ರ ಇಷ್ಟೊತ್ತಿಗಿ ನನ್ನ ಕೈಯಾಗ ಇರ್ತಿದ್ವು. ಏನಾಗೈತಿ ನಿನಗ?"

ಮಾತಿಗೆ ಬದಲಾಗಿ ನಾನು ಮಾನಿಟರು ಹಚ್ಚಿ ತೋರಿಸಿದೆ. ಅವನು ಬಗ್ಗಿ, ಕನ್ನಡಕ ಏರಿಸಿ, ಇಳಿಸಿ ನೋಡಿದ.

"ಇದೇನಲೇ, ಮಸಿ ಅರಿವಿ ಹೊದಿಸಿದಂಗ ಐತಿ. ತಡಿ, ರಿಸೆಟ್ ಹೊಡೀತೇನಿ. ಎಲ್ಲಾ ಅಳಿಸಿ ಅಗದಿ ಅಂಗಡಿಯಿಂದ ತಂದಂಗ ಆಗ್ತೈತಿ."

ಅವನ ಕೈ ಹಿಂದಕ್ಕೆ ಹೋಗುವುದಕ್ಕೂ ನಾನು ಅವನ ಮಣಿಕಟ್ಟು ಹಿಡಿಯುವುದಕ್ಕೂ ಸರಿಹೋಯಿತು. ಎಷ್ಟು ಗಟ್ಟಿಯಾಗಿ ಹಿಡಿದೆನೋ, ಈರಣ್ಣ ನನ್ನ ಮುಖವನ್ನೇ ನೋಡಿದ.

"ಬ್ಯಾಡೋ," ಎಂದೆ. "ಅವು ಆಕೀವು. ಆಕಿ ಇಟ್ಟ ಅಂಕಿ ಅವು. ನಲವತ್ತಕ್ಕ ಕೀಲಿ ಹಾಕ್ಯಾಳ."

ಈರಣ್ಣ ಕೈ ಬಿಡಿಸಿಕೊಂಡ. ಆಮೇಲೆ ಅವನ ಕಣ್ಣು ಪರದೆಯ ಕೆಳಗೆ ಹೋಯಿತು.

"ಇಲ್ಲೆ ಈಬತ್ತಿ ಯಾರು ಹಚ್ಚಿದ್ರು?"

"ನಾನ. ವಾರಾ ಹಚ್ಚತೇನಿ."

"ಇದರ ಕಣ್ಣಾಗ ಹಚ್ಚಿದೆಲ್ಲೋ ಮಾರಾಯಾ!"

ಅವನು ಪಂಚೆಯ ಚುಂಗನ್ನು ಎಂಜಲಿನಿಂದ ಹಸಿ ಮಾಡಿ, ಆ ದಪ್ಪ ವಿಭೂತಿಯನ್ನು ನಡುವೆ ಒಂದಿಷ್ಟೇ ಒರೆಸಿದ. ಒಳಗೆ ಸಾಸಿವೆ ಕಾಳಿನಷ್ಟು ಒಂದು ಹೊಳಪಿನ ಚುಕ್ಕೆ ಇತ್ತು. ನಾನು ಅದನ್ನು ಒಂದು ದಿನವೂ ನೋಡಿರಲಿಲ್ಲ. ಒರೆಸಿ ಮುಗಿಯುತ್ತಲೇ ಪರದೆ ನಿದ್ದೆ ತಿಳಿದೆದ್ದ ಹಾಗೆ ನಿಧಾನವಾಗಿ ಬೆಳ್ಳಗಾಯಿತು. ನಲವತ್ತೊಂದು ಪುಟಗಳಲ್ಲಿ ಮೊದಲನೆಯದು ಅಂಚಿನಿಂದ ಅಂಚಿಗೆ ಕಂಡಿತು.

"ಕೀಲಿ ಗೀಲಿ ಏನಿಲ್ಲ," ಎಂದ ಈರಣ್ಣ. "ಆಟೋ ಇಟ್ಟಾಳ. ಮನಿಯಾಗ ಎಷ್ಟ ಬೆಳಕೈತಿ ಅಂತ ಈ ಕಣ್ಣಿನಿಂದ ನೋಡಿ ತಾನ ಏರಿಸ್ತೈತಿ, ತಾನ ಇಳಿಸ್ತೈತಿ. ನೀ ಈಬತ್ತಿ ಮೆತ್ತಿದಿ, ಅದು ಮನ್ಯಾಗ ಕತ್ತಲಿ ಅಂತ ತಿಳೀತು. 'ಅಣ್ಣಾರ, ಬಿಸಲು ಸರದಂಗ ಹೊತ್ತಿಗೊಮ್ಮಿ ಒತ್ತಿ ಒತ್ತಿ ಬ್ಯಾಸರಾಗೈತ್ರಿ' ಅಂತ ಆಕೀನ ಕೇಳಿದ್ಲು. ಆಟೋ ಮಾಡ್ಕೋ ತಂಗಿ ಅಂತ ನಾನ ಹೇಳಿದ್ದೆ."

"ಹಂಗಾರ ನಲವತ್ತು?"

"ಅದೇನೂ ಅಲ್ಲ. ಆಟೋ ಮಾಡಿದಾಗ ಎಲ್ಲಿತ್ತೋ ಅಲ್ಲೇ ನಿಂತ ಅಂಕಿ."

"ಅರವತ್ತೈದು?"

"ಅದು ಕಂಪನಿಯವರು ಇಟ್ಟದ್ದು. ನನ್ನ ಪ್ರೆಸ್ಸಿನ್ಯಾಗ ಇಂಥಾದ್ದ ಐತಿ, ಅದರಾಗೂ ಅರವತ್ತೈದ."

ಎಂಟು ದಿನ ತಿರುವಿ ತಿರುವಿ ಕಡೆಗೆ ಕಂಪನಿಯವರು ಇಟ್ಟಲ್ಲಿಗೇ ಬಂದಿದ್ದಳು ಎಂದಾಯಿತು. ಮೂರನೆಯದನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಈರಣ್ಣನೇ ಹಲಗೆ ತೆರೆದು ನೋಡಿ, ನನ್ನ ಕಡೆ ತಿರುಗದೆ, "ನೀಲಿ ಕಡಿಮಿ ಮಾಡಿದ್ದು ಆಕೀದ ಇರಬೇಕು," ಎಂದ. "ನನ್ನದರಾಗ ಸೊನ್ನಿ ಐತಿ."

ಆಮೇಲೆ ಕೇಳಿದ, "ಆಟೋ ತಗದು ನಿನಗ ಬೇಕಾದಷ್ಟ ಬೆಳಕ ಇಟ್ಟು ಹೋಗ್ಲ್ಯಾ?"

"ಬ್ಯಾಡ. ಅದು ನೋಡ್ಕೊಳ್ಳಲಿ."

"ಈಬತ್ತಿ ಬಾಜೂಕ ಹಚ್ಚು ಇನ್ನ," ಎಂದ. ಚಹಾ ಕುಡಿದು, ಎಂಟು ದಿನದ ವಾಯಿದೆ ಕೊಟ್ಟು ಹೋದ.

ಅವನು ಹೋದ ಮೇಲೆ ಗಿರಣಿಗೆ ಹೋಗಲಿಲ್ಲ. ಮೊಣಕಾಲು ಮಡಿಸಿಕೊಂಡು ಹೇಗೋ ನೆಲದ ಮೇಲೆ ಕುಳಿತೆ. ನಾನು ಇಷ್ಟು ತಿಂಗಳಿಂದ ಕಾಯ್ದದ್ದು ಏನನ್ನು? ಆಕೆ ಬೆಳಕನ್ನು ಎಲ್ಲಿಯೂ ನಿಲ್ಲಿಸಿರಲೇ ಇಲ್ಲ. ಹೊತ್ತು ಸರಿದ ಹಾಗೆ ನೀನೂ ಸರಿ ಎಂದು ಅದಕ್ಕೆ ಹೇಳಿಟ್ಟು ಹೋಗಿದ್ದಳು. ಹೊರಗೆ ಮೋಡ ಬಂದರೆ ಪರದೆ ತುಸು ತಗ್ಗುತ್ತಿತ್ತು. ಮೋಡ ಹೋದರೆ ಏರುತ್ತಿತ್ತು. ನಾನು ಓದಲೆಂದು ಮುಂದೆ ಬಾಗಿದರೆ ನನ್ನ ನೆರಳು ಆ ಸಾಸಿವೆ ಕಣ್ಣಿನ ಮೇಲೆ ಬಿದ್ದು ಬೆಳಕು ಒಂದಿಷ್ಟು ಇಳಿಯುತ್ತಿತ್ತು. ಹಿಂದೆ ಸರಿದರೆ ಏರುತ್ತಿತ್ತು. ಆಕೆ ಬಾಗಿದಾಗಲೂ ಹೀಗೇ ಆಗಿರಬೇಕು. ಬಾಗುವುದು, ಹಿಂದೆ ಸರಿಯುವುದು, ಮತ್ತೆ ಬಾಗುವುದು. ಸಣ್ಣ ಹುಡುಗನ ಹಾಗೆ ಸುಮಾರು ಹೊತ್ತು ಅದನ್ನೇ ಮಾಡಿದೆ.

ಆಮೇಲೆ ಪಟ್ಟಿ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡೆ. ಒಂದೊಂದೇ ಸಾಲಿನ ಮೇಲೆ ಬೆರಳಿಡುತ್ತ, ಪಟ್ಟಿಯನ್ನೊಮ್ಮೆ ಪರದೆಯನ್ನೊಮ್ಮೆ ನೋಡುತ್ತ ಹೋದೆ. ಎಂಟು ಪುಟ ಒಂದು ತಪ್ಪೂ ಸಿಗಲಿಲ್ಲ. ಒಂಬತ್ತನೆಯದರಲ್ಲಿ ಒಂದು ಸಾಲು ಎರಡು ಸಲ ಬಂದಿತ್ತು. ತವರಿನ ದಾರಿ ನೆನೆಯುವ ಸಾಲು. ಪಟ್ಟಿಯಲ್ಲಿ ಅದು ಒಂದೇ ಸಲ ಇತ್ತು. ಟೈಪು ಮಾಡುವಾಗ ಯಾರಾದರೂ ಬಾಗಿಲು ಬಡಿದಿರಬೇಕು, ಇಲ್ಲವೆ ಹಾಲು ಉಕ್ಕಿರಬೇಕು. ಎದ್ದು ಹೋಗಿ ಬಂದು ಕುಳಿತವಳು ಎಲ್ಲಿ ಬಿಟ್ಟಿದ್ದೆ ಎಂಬುದನ್ನು ಮರೆತು ಮತ್ತೆ ಹೊಡೆದಿದ್ದಳು.

ಎರಡರಲ್ಲಿ ಯಾವುದನ್ನು ತೆಗೆಯುವುದು? ಎರಡೂ ಒಂದೇ ಹಾಗಿದ್ದವು, ಎರಡನ್ನೂ ಆಕೆಯ ಬೆರಳೇ ಹೊಡೆದಿತ್ತು. ನಾನು ಎದ್ದು ಹೋಗಿ ಕೈ ತೊಳೆದುಕೊಂಡು, ಟವೆಲಿನಲ್ಲಿ ಒರೆಸಿಕೊಂಡು, ಬಂದು ಕುಳಿತೆ. ಮೇಲಿನದನ್ನು ಬಿಟ್ಟೆ. ಕೆಳಗಿನ ಸಾಲಿನ ತುದಿಗೆ ಹೋಗಿ, ಸುಮಾ ಫೋನಿನಲ್ಲಿ ಹೇಳಿಕೊಟ್ಟಿದ್ದ ಅಳಿಸುವ ಗುಂಡಿಯನ್ನು ಒಂದೊಂದೇ ಅಕ್ಷರಕ್ಕೆ ಒಂದೊಂದು ಸಲ ಒತ್ತಿದೆ. ಕಡೆಯ ಅಕ್ಷರ ಹೋಯಿತು. ಖಾಲಿ ಜಾಗ ಉಳಿಯಿತು. ಇನ್ನೊಮ್ಮೆ ಒತ್ತಿದೆ. ಕೆಳಗಿದ್ದ ಸಾಲುಗಳೆಲ್ಲ ಸದ್ದಿಲ್ಲದೆ ಒಂದೊಂದು ಮೆಟ್ಟಿಲು ಮೇಲೆ ಬಂದು ನಿಂತವು.